ಭಾನುವಾರದ ಅಕ್ಷರ ಸೇವೆ

(ಶತಮಾನೋತ್ಸವದ ಅಂಗವಾಗಿ ಮಲವಗೊಪ್ಪದಲ್ಲಿ ಸೇರಿದ್ದ ಪೋಷಕರ ಸಭೆಯಲ್ಲಿ, ಮಕ್ಕಳ ಕನ್ನಡ ತರಗತಿಯ ಸಹಾಯಕರ ಪರವಾಗಿ ಮಾಡಿದ ಭಾಷಣ)



ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ದೇವಾಲಯದ ಕಟ್ಟಡವನ್ನು ಕುರಿತು, ಇಲ್ಲಿ ಸೇವೆ ಸಲ್ಲಿಸಿ ಹೋದ ಗುರುಗಳನ್ನು ಕುರಿತು ಮಾತನಾಡಲು ನಮಗಿಂತ ಅರ್ಹರಾದವರು ಈ ಸಭೆಯಲ್ಲಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಒಂದು ಸಣ್ಣ ವಿಷಯ. ಭಾನುವಾರ ಬಲಿಪೂಜೆಯಾದ ಮೇಲೆ ಮಲವಗೊಪ್ಪದ ಎಳೆಯ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡು, ಒಂದು ಗಂಟೆಯ ಕಾಲ ಕನ್ನಡದ ಓದುಬರಹ ಹೇಳಿಕೊಡುವ ತರಗತಿಯಲ್ಲಿ ನಾವು ಕೆಲವರು ಕೈನೀಡುತ್ತಿದ್ದೇವೆ. ನಮ್ಮಲ್ಲಿ ಹೆಚ್ಚಿನವರು ಶಿಕ್ಷಕರಲ್ಲ. ಒಬ್ಬರು ಕಾರ್ಖಾನೆಯಿಂದ ನಿವೃತ್ತರಾದವರು, ಒಬ್ಬರು ಹೊಲಿಗೆಯವರು, ಇಬ್ಬರು ಕಾಲೇಜಿನಲ್ಲಿ ಓದುತ್ತಿರುವವರು, ಉಳಿದವರು ಮನೆಯ ಗೃಹಿಣಿಯರು. ಈ ಕೆಲಸದಲ್ಲಿ ನಾವು ಕಂಡದ್ದನ್ನೂ, ಮುಂದಿನ ಜೂನ್ ತಿಂಗಳಿಗೆ ಮುನ್ನ ನಾವೆಲ್ಲರೂ ಸೇರಿ ತೀರ್ಮಾನಿಸಬೇಕಾದ ಒಂದು ಸಂಗತಿಯನ್ನೂ ತಮ್ಮ ಮುಂದಿಡುವುದಕ್ಕೆ ಅಪ್ಪಣೆ ಬೇಡುತ್ತೇವೆ.

ಕನ್ನಡ ನಾಡಿನಲ್ಲಿಯೇ ಕನ್ನಡಕ್ಕೊಂದು ಭಾನುವಾರದ ಶಾಲೆ ಏಕೆ ಎಂದು ಕೆಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ನಮ್ಮ ಮಕ್ಕಳು ಕನ್ನಡ ಆಡುತ್ತಾರೆ. ಬೀದಿಯಲ್ಲಿ, ಅಂಗಡಿಯಲ್ಲಿ, ಆಟದಲ್ಲಿ ಅವರ ಮಾತಿಗೆ ತಡೆಯಿಲ್ಲ. ಆದರೆ ಪುಸ್ತಕವನ್ನು ಕೈಗೆ ಕೊಟ್ಟಾಗ ಅನೇಕರ ಕಣ್ಣು ಸಾಲಿನ ಮೇಲೆ ನಿಲ್ಲುವುದಿಲ್ಲ. ಗೀತೆಗಳನ್ನು ಕಿವಿಯಿಂದ ಕಲಿತು ಹಾಡುತ್ತಾರೆಯೇ ಹೊರತು ಪುಟ ನೋಡಿ ಹಾಡುವುದಿಲ್ಲ. ಬೆಳಗ್ಗೆ ಶಾಲೆಯ ವ್ಯಾನು ಅವರನ್ನು ಇಂಗ್ಲಿಷ್ ಮಾಧ್ಯಮದ ತರಗತಿಗೆ ಕರೆದೊಯ್ಯುತ್ತದೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಿಂದ ರಾಜ್ಯದ ಶಾಲೆಗಳಲ್ಲಿ ಕನ್ನಡ ಒಂದು ಕಡ್ಡಾಯ ವಿಷಯವಾಗಿದೆ, ನಿಜ. ಆದರೆ ವಿಷಯವಾಗಿ ಕಲಿತದ್ದು ಅಂಕದೊಂದಿಗೆ ಮುಗಿದುಹೋಗುವ ಅಪಾಯವಿದೆ. ಪರೀಕ್ಷೆಗಾಗಿ ಉತ್ತರ ಬಾಯಿಪಾಠ ಮಾಡುವುದು ಬೇರೆ, ಕಥೆ ಮುಂದೇನಾಯಿತೆಂದು ತಿಳಿಯುವ ಆಸೆಯಿಂದ ತಾನಾಗಿ ಪುಟ ತಿರುವುವುದು ಬೇರೆ. ಎರಡನೆಯದು ಬಾರದಿದ್ದರೆ ಮೊದಲನೆಯದು ಹೆಚ್ಚು ದಿನ ಉಳಿಯದು.

ಈ ಊರಿನ ಸ್ಥಿತಿಯನ್ನೂ ನೆನೆಯಬೇಕು. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಬಿ.ಎಚ್. ರಸ್ತೆಯ ಮೇಲಿರುವ ನಮ್ಮ ಮಲವಗೊಪ್ಪ ಎರಡು ಊರುಗಳ ಗಾಳಿಯನ್ನೂ ಉಂಡು ಬೆಳೆದಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಇತ್ತ ಸಕ್ಕರೆ ಕಾರ್ಖಾನೆಯೂ ಕಬ್ಬಿನ ಗದ್ದೆಗಳೂ ಬಂದವು. ಕೆಲಸ ಅರಸಿ ತಮಿಳರು, ತೆಲುಗರು, ಮಲಯಾಳಿಗಳು, ಕರಾವಳಿಯ ಕೊಂಕಣಿಗರು, ತುಳುವರು ಬಂದು ನೆಲೆಸಿದರು. ಇಂದು ಕಾಗದದ ಕಾರ್ಖಾನೆಯ ಯಂತ್ರಗಳು ನಿಂತುಹೋಗಿ ವರ್ಷಗಳಾಗಿವೆ. ಸಕ್ಕರೆ ಕಾರ್ಖಾನೆಯೂ ಮುಚ್ಚಿದೆ. ಬಂದ ಜನ ಮಾತ್ರ ಇಲ್ಲಿಯವರೇ ಆಗಿ ಉಳಿದಿದ್ದಾರೆ. ಒಂದೇ ಬೆಂಚಿನಲ್ಲಿ ಕುಳಿತು ಪ್ರಾರ್ಥಿಸುವ ನಾಲ್ಕು ಮನೆಗಳಲ್ಲಿ ನಾಲ್ಕು ಮಾತು. ಆ ನಾಲ್ಕು ಮನೆಗಳವರು ಒಬ್ಬರನ್ನೊಬ್ಬರು ಕಂಡಾಗ ಆಡುವುದು ಕನ್ನಡ. ನಾಡಿಗೆಲ್ಲ ಕಾಗದ ಒದಗಿಸಿದ ಸೀಮೆಯ ಮಕ್ಕಳು ಆ ಕಾಗದದ ಮೇಲೆ ಅಚ್ಚಾದ ಕನ್ನಡವನ್ನು ಓದಲಾರದೆ ಹೋದರೆ ಅದಕ್ಕಿಂತ ವಿಷಾದದ ಮಾತು ಬೇರೊಂದುಂಟೇ?

ವಾರಕ್ಕೊಂದು ದಿನದ ಶಾಲೆ ಹೊಸ ಕಲ್ಪನೆಯಲ್ಲ. 1536ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಾಸ್ತೆಲ್ಲಿನೊ ದ ಕಾಸ್ತೆಲ್ಲೊ ಎಂಬ ಗುರುಗಳು ಹಬ್ಬಹರಿದಿನಗಳಂದು ಬಡಮಕ್ಕಳನ್ನು ಕೂಡಿಸಿ ಜ್ಞಾನೋಪದೇಶದ ಜೊತೆಗೆ ಓದುವುದನ್ನೂ ಬರೆಯುವುದನ್ನೂ ಕಲಿಸುವ ಪರಿಪಾಠ ಆರಂಭಿಸಿದರು. ಮುಂದೆ ಅದೇ ನಗರದ ಮಹಾಧರ್ಮಾಧ್ಯಕ್ಷರಾದ ಸಂತ ಚಾರ್ಲ್ಸ್ ಬೊರೊಮಿಯೊ ಆ ಶಾಲೆಗಳನ್ನು ಬೆಳೆಸಿದರು. ಅಲ್ಲಿ ಪಾಠ ಹೇಳುತ್ತಿದ್ದವರಲ್ಲಿ ಅನೇಕರು ನಮ್ಮಂಥ ಸಾಮಾನ್ಯ ಜನರು. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕೋದ್ಯಮಿ ವಾರವಿಡೀ ದುಡಿಯುತ್ತಿದ್ದ ಮಕ್ಕಳಿಗೆ ಭಾನುವಾರ ಅಕ್ಷರ ಕಲಿಸುವ ಏರ್ಪಾಡು ಮಾಡಿದರು. ಅಷ್ಟು ದೂರದ ಕಾಲಕ್ಕೆ ಹೋಗುವುದೂ ಬೇಡ. ದುಬೈ ನಗರದಲ್ಲಿ ನೆಲೆಸಿರುವ ಕನ್ನಡಿಗರು 2014ರಿಂದ ವಾರಾಂತ್ಯದಲ್ಲಿ ಕನ್ನಡ ಪಾಠಶಾಲೆ ನಡೆಸುತ್ತಾ ಬಂದಿದ್ದಾರೆ. ಕಲಿಸುವವರು ಸ್ವಯಂಸೇವಕರು, ಕಲಿಯುವ ಮಕ್ಕಳಿಂದ ಶುಲ್ಕ ಪಡೆಯುವುದಿಲ್ಲ. ಮರಳುಗಾಡಿನ ನಡುವೆ, ಕಿವಿಗೆ ಕನ್ನಡ ಬೀಳುವುದೇ ಅಪರೂಪವಾದ ಕಡೆ ಅವರು ಮಾಡುತ್ತಿರುವುದನ್ನು, ಸುತ್ತಲೂ ಕನ್ನಡವೇ ಕೇಳಿಬರುವ ಮಲವಗೊಪ್ಪದಲ್ಲಿ ನಾವು ಮಾಡಲಾರೆವೇ?

ನಮ್ಮ ಧರ್ಮಸಭೆಗೂ ಇದರಲ್ಲಿ ಪಾಲುಂಟು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನಾವಿಧಿಯ ಸಂವಿಧಾನವನ್ನು ಪ್ರಕಟಿಸಿ ಜನರ ಮಾತಿಗೆ ಪೀಠದ ಬಳಿ ಎಡೆಮಾಡಿಕೊಟ್ಟಿತು. ಲ್ಯಾಟಿನ್ ಭಾಷೆಯಲ್ಲಿ ಕೇಳಿಸಿಕೊಂಡು ಮೌನವಾಗಿ ಕುಳಿತಿರುತ್ತಿದ್ದ ಜನ ಎದ್ದು ನಿಂತು ವಾಚನ ಮಾಡುವ ದಿನ ಬಂತು. ಅದಕ್ಕೂ ನೂರು ವರ್ಷ ಮೊದಲೇ, 1861ರಲ್ಲಿ, ಬೆಂಗಳೂರಿನಲ್ಲಿ ಲ್ಯಾಟಿನ್–ಕನ್ನಡ ನಿಘಂಟು ಅಚ್ಚಾಗಿತ್ತು. ಅದು ಮೈಸೂರು ಸೀಮೆಯಲ್ಲಿ ಸೇವೆಯಲ್ಲಿದ್ದ ಫ್ರೆಂಚ್ ಮಿಷನರಿಗಳ ಶ್ರಮ. ಹಡಗು ಹತ್ತಿ ಬಂದವರು ಬೆಳೆದ ವಯಸ್ಸಿನಲ್ಲಿ ಒತ್ತಕ್ಷರ ತಿದ್ದಿ ಈ ನುಡಿಯನ್ನು ಕಲಿತರು. ಇಲ್ಲಿಯೇ ಹುಟ್ಟಿದ ನಮ್ಮ ಮಕ್ಕಳು ವಾಚನಕ್ಕೆ ಕರೆದಾಗ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಕನ್ನಡವನ್ನು ಹಿಡಿದು ಬರುವಂತಾದರೆ, ನಮಗೆ ದೊರೆತ ಆ ಅವಕಾಶ ಯಾರಿಗಾಗಿ ದೊರೆಯಿತು ಎಂಬ ಪ್ರಶ್ನೆ ಏಳುತ್ತದೆ.

ಇನ್ನು ತರಗತಿಯ ಒಳಗಿನ ಮಾತು. ಹಿಂದಿನವರು ‘ಅ, ಆ, ಇ, ಈ’ ಎಂದು ಆರಂಭಿಸಿ ನಲವತ್ತೊಂಬತ್ತು ಅಕ್ಷರಗಳನ್ನೂ ಕ್ರಮವಾಗಿ ತಿದ್ದಿಸುತ್ತಿದ್ದರು. ವರ್ಣಮಾಲೆಯ ಆ ಕ್ರಮ ಬಹು ಶಾಸ್ತ್ರೀಯವಾದದ್ದು. ಬಾಯಿಪಾಠಕ್ಕೆ ಅದಕ್ಕಿಂತ ಉತ್ತಮವಾದದ್ದಿಲ್ಲ. ಆದರೆ ಆರು ವರ್ಷದ ಕೈಗೆ ‘ಅ’ ಮತ್ತು ‘ಈ’ ಬರೆಯುವುದು ಸುಲಭವಲ್ಲ; ಕ್ರಮವಾಗಿ ಹೋದರೆ ಒಂದು ಪದವನ್ನು ಓದಿದೆನೆಂಬ ಸಂತೋಷ ದೊರೆಯಲು ವಾರಗಟ್ಟಲೆ ಕಾಯಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಮಗು ಮೊದಲು ಎದುರುಗೊಳ್ಳುವುದು ‘ರ, ಗ, ಸ, ದ, ಅ’ ಎಂಬ ಐದು ಅಕ್ಷರಗಳನ್ನು. ನಾವೂ ಅದೇ ದಾರಿ ಹಿಡಿದಿದ್ದೇವೆ. ಈ ಐದೇ ಅಕ್ಷರಗಳಿಂದ ಸರ, ರಸ, ದರ, ಅರಸ, ಅಗಸ ಎಂಬ ಪದಗಳು ಹುಟ್ಟುತ್ತವೆ. ‘ಗರಗಸ’ ಎಂಬ ಪದವನ್ನು ಕರಿಹಲಗೆಯ ಮೇಲೆ ಬರೆದಾಗ, ತಂದೆ ಬಡಗಿಯಾಗಿರುವ ಮಗು ತಾನೇ ಕೂಡಿಸಿ ಓದಿ, ‘ನಮ್ಮ ಮನೆಯಲ್ಲಿದೆ’ ಎಂದು ಎದ್ದು ನಿಲ್ಲುತ್ತದೆ. ಅಕ್ಷರಕ್ಕೂ ಮನೆಗೂ ಅಲ್ಲಿ ನಂಟು ಬೆಳೆಯುತ್ತದೆ. ಆಮೇಲೆ ಆಕಾರದಲ್ಲಿ ಹತ್ತಿರವಿರುವವನ್ನು ಜೋಡಿಯಾಗಿ ಹೇಳಿಕೊಡುತ್ತೇವೆ: ವ ಮತ್ತು ಮ, ಪ ಮತ್ತು ಷ, ದ ಮತ್ತು ಧ. ಬೇರೆ ಬೇರೆಯಾಗಿ ಕಲಿತಾಗ ಗೊಂದಲಗೊಳ್ಳುವ ಮಗು ಪಕ್ಕಪಕ್ಕದಲ್ಲಿ ಕಂಡಾಗ ವ್ಯತ್ಯಾಸವನ್ನು ತಾನೇ ಬೆರಳಿಟ್ಟು ತೋರಿಸುತ್ತದೆ.

ಕಾಗುಣಿತಕ್ಕೆ ಬಂದಾಗ ಹ್ರಸ್ವ ದೀರ್ಘಗಳ ತೊಡಕು ಎದುರಾಗುತ್ತದೆ. ಇಂಗ್ಲಿಷ್ ಓದಿಗೆ ಪಳಗಿದ ಕಣ್ಣಿಗೆ ಒಂದು ಸಣ್ಣ ಗೆರೆ ಅರ್ಥವನ್ನೇ ಬದಲಿಸುತ್ತದೆ ಎಂಬುದು ಬೇಗ ಹೊಳೆಯುವುದಿಲ್ಲ. ಆದುದರಿಂದ ಕರು–ಕಾರು, ಬೆಳೆ–ಬೇಳೆ, ಕೊಡು–ಕೋಡು ಎಂಬ ಜೋಡಿಗಳನ್ನು ಚಿತ್ರ ಬರೆಸಿ ಕಲಿಸುತ್ತೇವೆ. ಗದ್ದೆಯಲ್ಲಿರುವುದು ಬೆಳೆ, ಸಾರಿಗೆ ಹಾಕುವುದು ಬೇಳೆ. ಒಮ್ಮೆ ನಕ್ಕ ಮಗು ಅದನ್ನು ಮತ್ತೆ ಮರೆಯುವುದಿಲ್ಲ.

ಇಲ್ಲಿ ನಾವು ಕಂಡುಕೊಂಡ ಒಂದು ಮುಖ್ಯ ಸಂಗತಿಯನ್ನು ಪೋಷಕರು ಗಮನಿಸಬೇಕೆಂದು ಬೇಡುತ್ತೇವೆ. ಮಕ್ಕಳ ತಪ್ಪುಗಳಲ್ಲಿ ಬಹಳಷ್ಟು ತಪ್ಪುಗಳೇ ಅಲ್ಲ. ಅವು ಮನೆಮಾತಿನ ಗುರುತುಗಳು. ತಮಿಳು ಲಿಪಿಯಲ್ಲಿ ‘ಕ’ಕಾರ ‘ಗ’ಕಾರಗಳಿಗೆ ಒಂದೇ ಅಕ್ಷರ, ‘ಪ’ಕಾರ ‘ಬ’ಕಾರಗಳಿಗೂ ಹಾಗೆಯೇ. ಆ ಅಕ್ಷರಗಳನ್ನು ಮನೆಯಲ್ಲಿ ಮೊದಲು ಕಲಿತ ಮಗು ‘ಗಾಳಿ’ ಎಂಬಲ್ಲಿ ‘ಕಾಳಿ’ ಎಂದೂ, ‘ಬಟ್ಟೆ’ ಎಂಬಲ್ಲಿ ‘ಪಟ್ಟೆ’ ಎಂದೂ ಬರೆದರೆ ಅದು ಸೋಮಾರಿತನವಲ್ಲ. ಕೊಂಕಣಿಯಲ್ಲಿ ಎಳೆಯ ಹುಡುಗಿಯನ್ನು ಕುರಿತು ನಪುಂಸಕಲಿಂಗದಲ್ಲಿ ಹೇಳುವುದು ವಾಡಿಕೆ. ಆ ಮನೆಯ ಮಗು ‘ತಂಗಿ ಬಂದಳು’ ಎನ್ನುವ ಬದಲು ‘ತಂಗಿ ಬಂತು’ ಎನ್ನುತ್ತದೆ. ನಮ್ಮ ಕನ್ನಡದಲ್ಲಿಯೂ ‘ಮಗು ಬಂತು’ ಎನ್ನುತ್ತೇವಲ್ಲವೇ? ಮಲಯಾಳದಲ್ಲಿ ಅವನು ಬಂದರೂ ಅವಳು ಬಂದರೂ ಕ್ರಿಯಾಪದ ಒಂದೇ ರೂಪದಲ್ಲಿರುತ್ತದೆ. ಆ ಮನೆಯ ಮಗು ‘ಬಂದನು, ಬಂದಳು’ಗಳಲ್ಲಿ ಎಡವುವುದು ಸಹಜ. ಇದನ್ನು ತಿಳಿಯದ ಹಿರಿಯರು ‘ದಡ್ಡ’ ಎಂದುಬಿಟ್ಟರೆ ಮಗು ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿದ ಮಗುವಿಗೆ ಭಾಷೆ ಕಲಿಸಬಲ್ಲ ವಿದ್ವಾಂಸರು ಇನ್ನೂ ಹುಟ್ಟಿಲ್ಲ. ನಾವು ಅನುಸರಿಸುವ ಉಪಾಯ ಇಷ್ಟೇ: ಮಗು ‘ತಂಗಿ ಬಂತು’ ಎಂದರೆ, ‘ಹೌದೇ, ತಂಗಿ ಬಂದಳೇ? ಯಾವಾಗ ಬಂದಳು?’ ಎಂದು ಮಾತು ಮುಂದುವರಿಸುತ್ತೇವೆ. ಸರಿಯಾದ ರೂಪ ಕಿವಿಗೆ ಬೀಳುತ್ತದೆ, ಅವಮಾನ ಆಗುವುದಿಲ್ಲ.

ಒತ್ತಕ್ಷರಗಳ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಮಗುವಿಗೆ ಬರೆಯಬೇಕೆಂದು ಮೊದಲು ಆಸೆಯಾಗುವ ಪದಗಳು ಯಾವುವು? ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ತಮ್ಮ. ಎಲ್ಲದರಲ್ಲಿಯೂ ಒತ್ತು! ಪಠ್ಯಕ್ರಮದಲ್ಲಿ ಕೊನೆಗೆ ಬರುವುದು ಮಗುವಿನ ಮನಸ್ಸಿನಲ್ಲಿ ಮೊದಲು ಇದೆ. ಆದುದರಿಂದ ಈ ಪದಗಳನ್ನು ಮೊದಲ ವಾರದಿಂದಲೇ ಚಿತ್ರದಂತೆ ಇಡಿಯಾಗಿ ಗುರುತಿಸಲು ಕಲಿಸಿ, ಬಿಡಿಸಿ ಹೇಳುವುದನ್ನು ಮುಂದಕ್ಕೆ ಇಟ್ಟುಕೊಳ್ಳುತ್ತೇವೆ. ಆಮೇಲೆ ಹೆಚ್ಚಿನ ಒತ್ತುಗಳು ಮೂಲ ಅಕ್ಷರದ ಚಿಕ್ಕ ರೂಪಗಳೇ ಎಂದು ತೋರಿಸಿ, ತ, ನ, ಮ, ಯ, ರ, ಲ ಈ ಆರು ಮಾತ್ರ ವೇಷ ಮರೆಸಿಕೊಂಡು ಬರುತ್ತವೆ ಎಂದು ಹೇಳಿದರೆ ಮಕ್ಕಳು ಅವುಗಳನ್ನು ಪತ್ತೆದಾರರಂತೆ ಹುಡುಕುತ್ತಾರೆ. ನಮ್ಮ ಊರಿನ ಹೆಸರೇ ಒಂದು ಪಾಠ. ‘ಮಲವಗೊಪ್ಪ’ದಲ್ಲಿ ಮೂರು ಸರಳ ಅಕ್ಷರ, ಒಂದು ಗುಣಿತ, ಒಂದು ಒತ್ತು. ‘ಶಿವಮೊಗ್ಗ’ದಲ್ಲಿ ಎರಡು ಗುಣಿತ, ಒಂದು ಒತ್ತು. ‘ಭದ್ರಾವತಿ’ಯಲ್ಲಿ ವೇಷ ಮರೆಸಿಕೊಂಡ ರಕಾರ. ರಸ್ತೆಯ ಬದಿಯಲ್ಲಿ ನಿಂತು ಬಸ್ಸಿನ ಬೋರ್ಡನ್ನು ಓದಿ, ‘ಇದು ಭದ್ರಾವತಿಗೆ ಹೋಗುತ್ತದೆ, ಅಜ್ಜಿ’ ಎಂದು ಕೈಹಿಡಿದು ಹತ್ತಿಸುವ ಮೊಮ್ಮಗನಿಗೆ ಬೇರೆ ಪ್ರಶಸ್ತಿಪತ್ರ ಬೇಕೇ?

ಈಗ ಒಂದು ಸಣ್ಣ ಲೆಕ್ಕ. ವರ್ಷಕ್ಕೆ ಐವತ್ತೆರಡು ಭಾನುವಾರಗಳು. ಬೇಸಿಗೆ ರಜೆ, ಹಬ್ಬಗಳು, ಪರೀಕ್ಷೆಯ ವಾರಗಳು, ಮಲೆನಾಡಿನ ಜಡಿಮಳೆಯ ದಿನಗಳನ್ನು ಕಳೆದರೆ ಕೈಗೆ ಉಳಿಯುವುದು ಹೆಚ್ಚೆಂದರೆ ನಲವತ್ತು. ತಲಾ ಒಂದು ಗಂಟೆಯಂತೆ ನಲವತ್ತು ಗಂಟೆ. ಅಂದರೆ ಇಡೀ ವರ್ಷದಲ್ಲಿ ಎರಡು ದಿನಗಳಷ್ಟು ಸಮಯವೂ ಇಲ್ಲ! ಇಷ್ಟರಲ್ಲಿ ನಾವು ಭಾಷೆ ಕಲಿಸುತ್ತೇವೆಂದು ಹೇಳಿದರೆ ಅದು ಬಡಾಯಿಯಾದೀತು. ನಾವು ಬಾಗಿಲು ತೆರೆಯಬಲ್ಲೆವು, ನಡೆಯಬೇಕಾದದ್ದು ಮನೆಯಲ್ಲಿ. ದಿನಕ್ಕೆ ಹತ್ತು ನಿಮಿಷ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ಪುಟ ಓದಿಸಿದರೆ ವರ್ಷಕ್ಕೆ ಅರವತ್ತು ಗಂಟೆಗೆ ಮೀರುತ್ತದೆ. ನಮ್ಮ ತರಗತಿಯ ಒಂದೂವರೆ ಪಾಲು. ತಾಯಿಗೆ ಓದು ಬಾರದಿದ್ದರೂ ಚಿಂತೆಯಿಲ್ಲ. ಮಗು ಓದುವುದನ್ನು ಕೇಳಿ, ‘ಆಮೇಲೇನಾಯಿತು?’ ಎಂದು ಕೇಳುವ ಕಿವಿಯೊಂದಿದ್ದರೆ ಸಾಕು.

ನಮ್ಮೊಡನೆ ವಾದಿಸುವವರು ಎರಡು ಬಗೆಯವರು. ಇಬ್ಬರ ಮಾತಿನಲ್ಲಿಯೂ ನೋವಿದೆ. ಇಬ್ಬರಿಗೂ ಗೌರವದಿಂದ ಉತ್ತರಿಸಬೇಕು. ಮೊದಲನೆಯವರು, ‘ಕನ್ನಡ ಕಲಿತರೆ ಮಕ್ಕಳಿಗೆ ಕೆಲಸ ಸಿಗುತ್ತದೆಯೇ?’ ಎಂದು ಕೇಳುತ್ತಾರೆ. ಕಾರ್ಖಾನೆಗಳು ಮುಚ್ಚಿದ ಸೀಮೆಯಲ್ಲಿ ಈ ಪ್ರಶ್ನೆಯನ್ನು ಹಗುರವಾಗಿ ಕಾಣಲಾಗದು. ಇಂಗ್ಲಿಷನ್ನು ಬಿಡಿ ಎಂದು ನಾವು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ತಿಳಿದ ಮಾತಿನಲ್ಲಿ ಓದಿ ಅರ್ಥಮಾಡಿಕೊಳ್ಳುವ ಅಭ್ಯಾಸ ಬಂದ ಮಗುವಿಗೆ ತಿಳಿಯದ ಮಾತಿನಲ್ಲಿಯೂ ಅದು ನೆರವಾಗುತ್ತದೆ. ಮಕ್ಕಳ ಕಲಿಕೆಗೆ ತಾಯ್ನುಡಿಯೇ ಉತ್ತಮ ಸಾಧನವೆಂದು ಯುನೆಸ್ಕೊ ಸಂಸ್ಥೆ 1953ರಷ್ಟು ಹಿಂದೆಯೇ ತನ್ನ ವರದಿಯಲ್ಲಿ ಸಾರಿತ್ತು. ಅಲ್ಲದೆ ಪಂಚಾಯಿತಿಯ ನೋಟಿಸು, ಪಹಣಿ, ಪಡಿತರದ ಅಂಗಡಿಯ ಫಲಕ, ಇವೆಲ್ಲ ಬರುವುದು ಕನ್ನಡದಲ್ಲಿ. ಓದಲು ಬಾರದವನು ಇನ್ನೊಬ್ಬರ ಕೈಯಲ್ಲಿ ಓದಿಸಿಕೊಳ್ಳಬೇಕು. ಓದಿಸಿಕೊಂಡವನು ಅವರು ಹೇಳಿದ್ದನ್ನೇ ನಂಬಬೇಕು. ಸಹಿ ಹಾಕುವ ಮೊದಲು ಕಾಗದವನ್ನು ತಾನೇ ಓದಬಲ್ಲವನ ಬಲವೇ ಬೇರೆ.

ಎರಡನೆಯವರು, ‘ನಮ್ಮ ಮನೆಮಾತು ಅಳಿಸಿಹೋಗುತ್ತದೆ’ ಎಂದು ಅಂಜುತ್ತಾರೆ. ಈ ಅಂಜಿಕೆಯನ್ನು ನಾವು ಬಲ್ಲೆವು. ನಮ್ಮಲ್ಲಿಯೂ ಮನೆಯಲ್ಲಿ ಕೊಂಕಣಿ, ತಮಿಳು ಆಡುವವರಿದ್ದಾರೆ. ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದರೆ ಮೊದಲನೆಯದು ಆರುವುದಿಲ್ಲ. ಕರ್ನಾಟಕದಲ್ಲಿ ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲಿಯೇ. ಮಂಗಳೂರಿನಿಂದ 1938ರಲ್ಲಿ ಆರಂಭವಾದ ‘ರಾಕ್ಣೊ’ ಪತ್ರಿಕೆಯನ್ನು ನಮ್ಮ ಹಿರಿಯರು ಓದಿದ್ದು ಈ ಅಕ್ಷರಗಳಲ್ಲಿಯೇ. ತುಳುವಿಗೂ ಇಂದು ಬಹುಪಾಲು ಇದೇ ಲಿಪಿ. ಹೀಗಿರುವಾಗ ಕನ್ನಡದ ಅಕ್ಷರ ಕಲಿತ ಕೊಂಕಣಿ ಮಗುವಿಗೆ ಅಜ್ಜಿಯ ಮಾತಿನ ಪತ್ರಿಕೆಯೂ ತೆರೆದುಕೊಳ್ಳುತ್ತದೆ. ತಮಿಳು, ಮಲಯಾಳದ ಮನೆಗಳಿಗೆ ನಮ್ಮ ಸಲಹೆ: ಮನೆಯಲ್ಲಿ ನಿಮ್ಮ ಮಾತನ್ನೇ ಆಡಿ, ತುಂಬಾ ಆಡಿ. ನಮ್ಮ ತರಗತಿಯಲ್ಲಿ ತಿಂಗಳಿಗೊಮ್ಮೆ ಮಕ್ಕಳು ತಮ್ಮ ಮನೆಮಾತಿನ ಒಂದು ಕಥೆಯನ್ನು ಕೇಳಿಕೊಂಡು ಬಂದು ಕನ್ನಡದಲ್ಲಿ ಹೇಳುತ್ತಾರೆ. ಅದಕ್ಕಾಗಿ ಅಜ್ಜಿಯ ಬಳಿ ಕುಳಿತುಕೊಳ್ಳಲೇಬೇಕು. ಹೀಗೆ ಕನ್ನಡದ ಪಾಠವೇ ಮನೆಮಾತಿಗೆ ಕಾವಲಾಗುತ್ತದೆ.

ಮಹನೀಯರೇ, ಈಗ ನಾವು ಆರಂಭದಲ್ಲಿ ಹೇಳಿದ ತೀರ್ಮಾನದ ಮಾತು. ನಮ್ಮಲ್ಲಿರುವ ಕಾಲೇಜಿನ ಇಬ್ಬರೂ ಬರುವ ವರ್ಷ ಬೆಂಗಳೂರಿಗೆ ಹೋಗಲಿದ್ದಾರೆ. ಇದು ತಪ್ಪಲ್ಲ, ಯುವಕರು ಹೋಗಲೇಬೇಕು. ಆದರೆ ಉಳಿದವರಿಂದ ಮಾತ್ರ ತರಗತಿ ನಡೆಯದು. ಎಳೆಯ ಮಕ್ಕಳಿಗೆ ಭಾಷೆ ಕಲಿಸುವುದು ದೊಡ್ಡ ಸಭೆಯಲ್ಲಿ ಆಗುವ ಕೆಲಸವಲ್ಲ. ನಾಲ್ಕೈದು ಮಕ್ಕಳಿಗೆ ಒಬ್ಬರು ಬೇಕು, ಅದೂ ವಾರವಾರವೂ ಅದೇ ಮುಖ ಇರಬೇಕು. ಇಂದು ಬಂದು ಮುಂದಿನ ವಾರ ಬಾರದ ಹತ್ತು ಮಂದಿಗಿಂತ, ವರ್ಷವಿಡೀ ತಪ್ಪದೆ ಬರುವ ಒಬ್ಬರು ಮೇಲು. ಹೊಸಬರು ಬಾರದಿದ್ದರೆ ಜೂನ್ ತಿಂಗಳಲ್ಲಿ ತರಗತಿ ತೆರೆಯುವುದಿಲ್ಲ. ಇದು ಬೆದರಿಕೆಯಲ್ಲ, ಇರುವ ವಸ್ತುಸ್ಥಿತಿ.

ಆದುದರಿಂದ ನಮ್ಮ ಅರಿಕೆಗಳು ಮೂರು. ಮೊದಲನೆಯದು, ಪ್ರತಿಯೊಂದು ವಾರ್ಡಿನಿಂದ ಒಬ್ಬರಾದರೂ ಒಂದು ವರ್ಷದ ಮಟ್ಟಿಗೆ ಭಾನುವಾರದ ಒಂದು ಗಂಟೆಯನ್ನು ಕೊಡಲಿ. ಪದವಿ ಬೇಡ, ತಾಳ್ಮೆ ಬೇಕು. ಓದುಬರಹ ಬಾರದ ಅಜ್ಜಿಯರೂ ಬರಲಿ. ಕಥೆ ಹೇಳುವವರಿಲ್ಲದೆ ಓದಿನ ಆಸೆ ಹುಟ್ಟದು. ಎರಡನೆಯದು, ಶತಮಾನೋತ್ಸವದ ನೆನಪಿಗಾಗಿ ಕಾಣಿಕೆ ಕೊಡಬಯಸುವ ಮನೆಗಳು ಮಕ್ಕಳಿಗೆ ತಕ್ಕ ಒಂದೊಂದು ಕನ್ನಡ ಪುಸ್ತಕ ಕೊಡಲಿ. ದೊಡ್ಡ ಅಕ್ಷರದ, ಚಿತ್ರವಿರುವ, ತೆಳ್ಳನೆಯ ಪುಸ್ತಕ ಸಾಕು. ಅವು ಬೀರುವಿನಲ್ಲಿ ಬೀಗದೊಳಗೆ ಇರುವುದಿಲ್ಲ. ವಾರಕ್ಕೊಂದು ಮನೆಗೆ ಹೋಗಿ, ಮೂಲೆ ಮಡಚಿಕೊಂಡು ಹಿಂದಿರುಗುತ್ತವೆ. ಮಡಚಿದ ಮೂಲೆಯೇ ಓದಿದ್ದಕ್ಕೆ ಸಾಕ್ಷಿ. ಮೂರನೆಯದು, ತಿಂಗಳಿಗೊಂದು ಭಾನುವಾರ ಬಲಿಪೂಜೆಯ ಒಂದು ವಾಚನವನ್ನು ಚೆನ್ನಾಗಿ ಅಭ್ಯಾಸ ಮಾಡಿದ ಮಕ್ಕಳಿಗೆ ಒಪ್ಪಿಸುವಂತೆ ಗುರುವರ್ಯರಲ್ಲಿ ಪ್ರಾರ್ಥಿಸುತ್ತೇವೆ. ಮಗು ಎಡವಿದರೆ ಸಭೆ ಕಾಯಲಿ. ತಮ್ಮ ಧ್ವನಿಗಾಗಿ ಹಿರಿಯರು ಕಾದರೆಂಬುದನ್ನು ಮಕ್ಕಳು ಮರೆಯುವುದಿಲ್ಲ.

ಕೊನೆಯದಾಗಿ ಒಂದು ಮಾತು. ಈ ಶತಮಾನೋತ್ಸವದ ಸ್ಮರಣ ಸಂಚಿಕೆ ಕನ್ನಡದಲ್ಲಿ ಅಚ್ಚಾಗುತ್ತಿದೆ. ಇದರಲ್ಲಿ ಹಿರಿಯರ ಹೆಸರುಗಳಿವೆ, ಅವರ ಶ್ರಮದ ವಿವರಗಳಿವೆ, ಹೋದವರ ಭಾವಚಿತ್ರಗಳಿವೆ. ಮುಂದಿನ ನೂರು ವರ್ಷಗಳಲ್ಲಿ ಯಾರಾದರೂ ಇದನ್ನು ಪೆಟ್ಟಿಗೆಯಿಂದ ಹೊರತೆಗೆದಾರು. ಆಗ ಅವರು ಚಿತ್ರಗಳನ್ನು ಮಾತ್ರ ನೋಡಿ ಮುಚ್ಚಿಡುವರೋ, ಚಿತ್ರದ ಕೆಳಗಿನ ಸಾಲನ್ನೂ ಓದುವರೋ ಎಂಬುದು ಇಂದು ನಮ್ಮ ಚಾಪೆಯ ಮೇಲೆ ಕುಳಿತು ‘ರ, ಗ, ಸ, ದ, ಅ’ ತಿದ್ದುತ್ತಿರುವ ಮಕ್ಕಳನ್ನು ಅವಲಂಬಿಸಿದೆ. ಅವರು ತಮ್ಮ ಮಕ್ಕಳಿಗೆ ಕಲಿಸಿದರೆ ಈ ಪುಟಗಳು ಬದುಕಿರುತ್ತವೆ.

ಸಭೆಯ ಹೊರಗೆ ಮೇಜಿನ ಮೇಲೆ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ಭಾನುವಾರದ ಒಂದು ಗಂಟೆಯನ್ನು ಕೊಡಬಲ್ಲವರು ದಯವಿಟ್ಟು ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದು ಹೋಗಬೇಕೆಂದು ಬೇಡಿಕೊಳ್ಳುತ್ತೇವೆ. ಬರೆಯಲು ಬಾರದವರು ಸಂಕೋಚಪಡಬೇಕಾಗಿಲ್ಲ; ಮಕ್ಕಳು ಅಲ್ಲಿಯೇ ನಿಂತಿರುತ್ತಾರೆ, ಅವರು ಬರೆದುಕೊಡುತ್ತಾರೆ.